ಮೊದಲು ಹಳ್ಳ ಬಿಡಿಸಿ

ಮುಲುಂಡಿನ ಓದುಗರೊಬ್ಬರು ಬರೆದಿದ್ದಾರೆ: “ಗದಗ ಜಿಲ್ಲೆಯ ನಮ್ಮೂರ ಕೆರೆ ಹಾಳುಬಿದ್ದಿದೆ. ಮುಂಬೈಯಲ್ಲಿರುವ ಊರವರು ಸೇರಿ ದುಡ್ಡು ಕೂಡಿಸಿದ್ದೇವೆ. ಹೂಳು ತೆಗೆಸಿ, ಏರಿಯ ಮೇಲೆ ವಾಕಿಂಗ್ ಟ್ರ್ಯಾಕ್, ಬೆಂಚು, ಸಾಲಾಗಿ ಗುಲ್‌ಮೊಹರ್ ಹಾಕಿಸಬೇಕೆಂದಿದ್ದೇವೆ. ಊರ ಹಿರಿಯರು ಮಾತ್ರ ‘ಮೊದಲ ಹಳ್ಳ ಬಿಡಸ್ರಿ, ಗಿಡ ಆಮ್ಯಾಲ. ಹಚ್ಚಿದ್ರ ಹೊಂಗಿ, ನೇರಳಿ ಹಚ್ರಿ’ ಅಂತ ಪಟ್ಟು ಹಿಡಿದಿದ್ದಾರೆ. ಅವು ದೊಡ್ಡದಾಗುವುದು ಯಾವಾಗ? ಬೇಗ ನೆರಳು ಕೊಡುವ ಮರ ಹಾಕಿದರೆ ತಪ್ಪೇನು?”

ನಿಮ್ಮ ಅವಸರ ಅರ್ಥವಾಗುತ್ತದೆ. ದುಡ್ಡು ಕೊಟ್ಟವರಿಗೆ ಏನಾದರೂ ತೋರಿಸಬೇಕು. ಮೇ ತಿಂಗಳಲ್ಲಿ ಗುಲ್‌ಮೊಹರ್ ಹೂಬಿಟ್ಟರೆ ಚೆಂದ ಕಾಣುತ್ತದೆ, ಅದನ್ನೂ ಒಪ್ಪುತ್ತೇನೆ. ಆದರೆ ನನ್ನ ಮನಸ್ಸು ಪೂರ್ತಿ ಆ ಹಿರಿಯರ ಕಡೆಗಿದೆ. ಕೆರೆಗೆ ನೀರು ತರುವ ಹಳ್ಳವನ್ನು ಮೊದಲು ತೆರವು ಮಾಡಿ ಎನ್ನುವ ಅವರ ಒಂದೇ ಸಾಲಿನಲ್ಲಿ ಕೆರೆಯ ವಿದ್ಯೆಯೆಲ್ಲ ಇದೆ.

ಊರಿನ ಮಾತು ಬಿಡಿ, ನಿಮ್ಮ ಮುಲುಂಡಿನ ಸುತ್ತಲೇ ನೋಡಿ. ಗುಡ್ಡದಾಚೆ ತುಳಸಿ ಕೆರೆ ಇದೆ, 1879ರದ್ದು. ಮುಂಬೈಗೆ ನೀರು ಕೊಡುವ ಏಳು ಕೆರೆಗಳಲ್ಲಿ ತೀರ ಚಿಕ್ಕದು. ಈ ಕಡೆ ಪೊವಾಯಿ, 1891ರದ್ದು. ಅದನ್ನೂ ಕುಡಿಯುವ ನೀರಿಗೇ ಕಟ್ಟಿದ್ದು. ಇವತ್ತು ಪೊವಾಯಿಗೆ ಉದ್ಯಾನವಿದೆ, ಓಡಾಡುವ ದಾರಿಯಿದೆ, ದೀಪಗಳಿವೆ. ನೀರು ಮಾತ್ರ ಕುಡಿಯುವಂತಿಲ್ಲ. ಸುತ್ತಲ ಬಡಾವಣೆಗಳ ಕೊಳಚೆ ಅದಕ್ಕೆ ಇಳಿಯುತ್ತದೆ, ಅಂತರಗಂಗೆ ಹಬ್ಬಿ ಕೂರುತ್ತದೆ. ತುಳಸಿಗೆ ಒಂದು ಬೆಂಚಿನ ಅಲಂಕಾರವೂ ಬೇಕಾಗಲಿಲ್ಲ. ಸುತ್ತ ರಾಷ್ಟ್ರೀಯ ಉದ್ಯಾನದ ಕಾಡು ನಿಂತಿದೆ, ಅಷ್ಟೇ. ಅದರ ನೀರು ಈಗಲೂ ನಗರಕ್ಕೆ ಬರುತ್ತಿದೆ. ಪೊವಾಯಿ ಕೆರೆಗೆ ಸೈಕಲ್ ಟ್ರ್ಯಾಕ್ ಮಾಡಲು ಹೊರಟಾಗ 2022ರಲ್ಲಿ ಬಾಂಬೆ ಹೈಕೋರ್ಟು ಅದು ಕಾನೂನಿಗೆ ವಿರುದ್ಧ ಎಂದು ತಡೆಯಿತು. ನಮ್ಮ ಕಣ್ಣೆದುರೇ ನಡೆದದ್ದಲ್ವಾ? ಅದೇ ಟ್ರ್ಯಾಕನ್ನು ಊರಿಗೆ ಹೊತ್ತುಕೊಂಡು ಹೋಗುತ್ತೀರಾ?

ಕೆರೆ ಬತ್ತುವುದು ಹೂಳು ತುಂಬಿದ್ದಕ್ಕೆ ಮಾತ್ರ ಅಲ್ಲ. ನೀರು ಬರುವ ಹಳ್ಳ, ಕಾಲುವೆ ಮುಚ್ಚಿಹೋಗಿರುತ್ತವೆ. ಒಬ್ಬರು ಕಾಲುವೆಯನ್ನೇ ಉತ್ತು ಹೊಲಕ್ಕೆ ಸೇರಿಸಿಕೊಂಡಿರುತ್ತಾರೆ, ಇನ್ನೊಬ್ಬರು ಅಡ್ಡ ಬದು ಹಾಕಿರುತ್ತಾರೆ, ಮೋರಿ ಇಲ್ಲದೆ ರಸ್ತೆ ಹೋಗಿರುತ್ತದೆ. ಉಳಿದ ಜಾಗವನ್ನು ಬಳ್ಳಾರಿ ಜಾಲಿ ನುಂಗಿರುತ್ತದೆ. ಹಾಗಿರುವಾಗ ಜೆಸಿಬಿ ತಂದು ಎಷ್ಟು ಅಗೆದರೂ ಸಿಗುವುದು ಆಳದ ಗುಂಡಿ. ಅದೂ ಜಾಸ್ತಿ ಅಗೆದರೆ ತಳದ ಜಿಗುಟು ಮಣ್ಣಿನ ಪದರ ಒಡೆದು, ಬಂದ ನೀರೂ ನಿಲ್ಲದೆ ಹೋಗಬಹುದು. ಮೇಲಿನ ಹೂಳನ್ನು ರೈತರೇ ಹೊಲಕ್ಕೆ ಒಯ್ಯಲಿ. ಅದು ಗೊಬ್ಬರ.

ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ 1369ರ ಒಂದು ಶಾಸನವಿದೆ. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ ಕಟ್ಟಿಸಿದ ಕೆರೆಯದು. ದಿನಕ್ಕೆ 1,000 ಆಳು, 100 ಬಂಡಿ, ಎರಡು ವರ್ಷದ ಕೆಲಸ. ಒಳ್ಳೆಯ ಕೆರೆಗೆ ಬೇಕಾದ 12 ಅಂಗಗಳನ್ನೂ 6 ದೋಷಗಳನ್ನೂ ಆ ಕಲ್ಲಿನ ಮೇಲೆ ಕೆತ್ತಿದ್ದಾರೆ. ಏರಿ ಸೋರುವುದು ಒಂದು ದೋಷ. ನೀರು ಕಡಿಮೆ, ಹೊಲ ಜಾಸ್ತಿ ಆಗುವುದು ಇನ್ನೊಂದು. ಆರು ಶತಮಾನ ದಾಟಿದ ಈ ತಿಳಿವಳಿಕೆ ಇವತ್ತಿನ ಎಷ್ಟು ಟೆಂಡರುಗಳಲ್ಲಿದೆ?

ಇನ್ನು ಮರಗಳು. ಏರಿಯ ಮೇಲೆ ದೊಡ್ಡ ಮರ ಯಾವುದೂ ಬೇಡ, ಹೊಂಗೆಯೂ ಬೇಡ. ಮರ ಸತ್ತು ಬೇರು ಕೊಳೆತರೆ ಅದೇ ಜಾಡಿನಲ್ಲಿ ನೀರು ಸೋರುತ್ತದೆ. ಏರಿಗೆ ಗರಿಕೆ, ಲಾವಂಚ ಸಾಕು. ಹಳ್ಳದ ದಂಡೆಗೆ ಲಕ್ಕಿ, ಹೊಂಗೆ, ಹೊಳೆಮತ್ತಿ ಹಾಕಿ. ಮಣ್ಣು ಕೊಚ್ಚಿ ಬರುವುದು ಅಲ್ಲೇ ನಿಲ್ಲುತ್ತದೆ. ಕೆರೆಯ ಮೇಲ್ದಂಡೆಗೆ ನೇರಳೆ, ಅತ್ತಿ, ಬಸರಿ. ಹೊಂಗೆ ಸೊಪ್ಪು ಹೊಲಕ್ಕೆ, ಬೀಜ ಎಣ್ಣೆಗೆ, ನೇರಳೆ ಮಕ್ಕಳಿಗೆ, ಅತ್ತಿ ಹಕ್ಕಿಗೆ. ಗುಲ್‌ಮೊಹರ್ ಮಡಗಾಸ್ಕರಿನ ಮರ, ಬೇರು ಮೇಲೆಮೇಲೆ, ಕೊಂಬೆ ಸುಲಭವಾಗಿ ಮುರಿಯುವಂಥದ್ದು. ಮುಂಬೈ ಮಳೆಗಾಳಿಗೆ ಅದು ಕಾರುಗಳ ಮೇಲೆ ಬೀಳುವುದನ್ನು ನೀವೂ ನೋಡಿರುತ್ತೀರಿ.

ನಿಮ್ಮ ಜಿಲ್ಲೆಯ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. 2024ರಲ್ಲಿ ಅದು ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿತು. ಜೊತೆಗೆ ಸೇರಿದ್ದು ಹಗರಿಬೊಮ್ಮನಹಳ್ಳಿ ಕಡೆಯ ಅಂಕಸಮುದ್ರ. ಅಲ್ಲಿ ನೀರಿನ ನಡುವಿನ ಕರಿಜಾಲಿ ಮರಗಳೇ ಹಕ್ಕಿಗಳ ಮನೆ. ಯಾರೂ ತೋಟಕ್ಕೆ ತರಲು ಒಪ್ಪದ ಮುಳ್ಳಿನ ಮರ!

ನನಗೆ ನಿಜವಾಗಿ ನೋವಾಗುವುದು ಬೇರೆ. ನಮ್ಮ ಮುಂಬೈ ಕನ್ನಡಿಗರ ದುಡ್ಡು ಊರಿಗೆ ಹೋದಾಗ ಹೆಸರು ಬರೆಯಲು ಜಾಗ ಇರುವ ಕಡೆಗೇ ಹೋಗುತ್ತದೆ. ಮಹಾದ್ವಾರಕ್ಕೆ ಕೊಡುತ್ತಾರೆ, ಬೆಂಚಿಗೆ ಕೊಡುತ್ತಾರೆ. ಕಾಲುವೆಯ ಸರ್ವೆಗೆ ಯಾರು ಕೊಡುತ್ತಾರೆ? ಸಸಿಗೆ ಮೂರು ಬೇಸಿಗೆ ನೀರು ಹಾಕಿ, ಆಡುಗಳಿಂದ ಕಾಯುವ ಮನುಷ್ಯನ ಕೂಲಿಗೆ? ನೆಟ್ಟ ದಿನದ ಫೋಟೊ ನಮ್ಮ ಕಚೇರಿಗೆ ರಾಶಿ ಬರುತ್ತದೆ, ಎರಡನೇ ಬೇಸಿಗೆಯ ಫೋಟೊ ಬರುವುದಿಲ್ಲ. ಕೆರೆಯನ್ನು ಖಾಲಿ ಸೈಟು ಎಂದು ನೋಡುವ ಚಾಳಿ ಹಳೆಯದು. ಬೆಂಗಳೂರಿನ ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕ್ರೀಡಾಂಗಣವಾಯಿತು. ನಮ್ಮ ಮುಂಬೈಗೆ ನೀರು ಕಳಿಸುವ ಶಹಾಪುರ ತಾಲ್ಲೂಕಿನ ಹಳ್ಳಿಗಳು ತಾನ್ಸಾ, ಭಾತ್ಸಾ ಜಲಾಶಯಗಳ ಮಗ್ಗುಲಲ್ಲಿದ್ದೂ ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾಯುತ್ತವೆ. ನಲ್ಲಿ ತಿರುಗಿಸುವ ನಾವು ಆ ಹಳ್ಳಿಗಳ ಹೆಣ್ಣುಮಕ್ಕಳ ಬಗ್ಗೆ ಯಾವತ್ತು ಯೋಚಿಸಿದ್ದೇವೆ?

ನಿಮ್ಮ ಮೇಲೆ ನನಗೆ ಭರವಸೆ ಇದೆ. ಊರಿನ ಕೆರೆ ನೆನೆದು ಕಾಗದ ಬರೆಯುವವರು ಎಷ್ಟು ಜನ? ಟ್ರ್ಯಾಕಿನ ಕೊಟೇಶನ್ ಪಕ್ಕಕ್ಕಿಡಿ. ತಾಲ್ಲೂಕು ಕಚೇರಿಯಿಂದ ಹಳೆಯ ಗ್ರಾಮ ನಕ್ಷೆ ತೆಗೆಸಿ, ಪಂಚಾಯತಿಯವರನ್ನೂ ಆ ಹಿರಿಯರನ್ನೂ ಕರೆದುಕೊಂಡು ಹಳ್ಳದ ಗುಂಟ ಗುಡ್ಡದವರೆಗೆ ನಡೆದು ಬನ್ನಿ. ನೀರಿನ ದಾರಿ ಎಲ್ಲೆಲ್ಲಿ ಮುಚ್ಚಿದೆ ಎಂದು ಗುರುತು ಮಾಡಿ. ಆ ನಕ್ಷೆ ನಮಗೆ ಕಳಿಸಿ, ಪತ್ರಿಕೆಯಲ್ಲಿ ಪೂರ್ತಿ ಪುಟ ಕೊಡುತ್ತೇನೆ.

— ಸಂ.