ಕಡಲಂಚಿನ ಆರು ಮೂಲೆಯ ಕೋಣೆ

ಪ್ರಶ್ನೆ: ಇಂಗ್ಲೆಂಡಿನ ಈಶಾನ್ಯ ಭಾಗದಲ್ಲಿ ನೌಕರಿಯಲ್ಲಿರುವ ಮಗನ ಮನೆಗೆ ಕಳೆದ ಬೇಸಿಗೆಯಲ್ಲಿ ಹೋಗಿದ್ದೆವು. ಅಲ್ಲಿನ ಸಮುದ್ರದಂಡೆಯಲ್ಲಿ ಆರು ಮೂಲೆಯ, ಗೋಡೆಯಲ್ಲಿ ಕಿರಿದಾದ ಕಂಡಿಗಳಿರುವ ಕಾಂಕ್ರೀಟ್ ಕೋಣೆಗಳನ್ನು ಕಂಡೆವು. ಯುದ್ಧಕಾಲದವು ಎಂಬುದಕ್ಕಿಂತ ಹೆಚ್ಚು ಮಗನಿಗೂ ತಿಳಿಯದು. ಇವು ಏನು? ಮುಂದಿನ ವರ್ಷ ಹೋದಾಗ ಏನನ್ನು ಗಮನಿಸಬೇಕು? ನಮ್ಮ ಕಾರವಾರದ ಕಡೆಯೂ ಇಂಥವು ಇವೆಯೇ?
– ಓದುಗರೊಬ್ಬರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ನೀವು ನೋಡಿದ್ದು ‘ಪಿಲ್‌ಬಾಕ್ಸ್’. ಗುಳಿಗೆ ಇಡುವ ಡಬ್ಬಿಯಂತೆ ಕಾಣುತ್ತದೆಂದು ಸೈನಿಕರು ಮೊದಲ ಮಹಾಯುದ್ಧದ ಕಾಲದಲ್ಲಿಯೇ ಇಟ್ಟ ಹೆಸರು ಅದು. ನೀವು ಕಂಡವು ಬಹುಮಟ್ಟಿಗೆ 1940ರ ಬೇಸಿಗೆಯವು. ಆ ವರ್ಷದ ಜೂನ್ ಆರಂಭದ ಹೊತ್ತಿಗೆ ಬ್ರಿಟಿಷ್ ಸೈನ್ಯ ತನ್ನ ಫಿರಂಗಿ, ವಾಹನಗಳಲ್ಲಿ ಹೆಚ್ಚಿನವನ್ನು ಫ್ರಾನ್ಸಿನಲ್ಲಿಯೇ ಬಿಟ್ಟು ಡನ್‌ಕರ್ಕ್‌ನಿಂದ ಜೀವ ಉಳಿಸಿಕೊಂಡು ಬಂದಿತ್ತು. ಜರ್ಮನರು ಇಂದೋ ನಾಳೆಯೋ ಕಡಲು ದಾಟುತ್ತಾರೆಂಬ ಭೀತಿಯಲ್ಲಿ, ಇಲ್ಲದ ಫಿರಂಗಿಗಳ ಕೊರತೆಯನ್ನು ಕಾಂಕ್ರೀಟಿನಿಂದ ತುಂಬಿಕೊಳ್ಳಲು ಸರ್ಕಾರ ಹೊರಟಿತು. ನಕ್ಷೆ ಯುದ್ಧ ಇಲಾಖೆಯದು, ಕಟ್ಟಿದವರಲ್ಲಿ ಹೆಚ್ಚಿನವರು ಊರೂರಿನ ಗುತ್ತಿಗೆದಾರರು. ಪಿಲ್‌ಬಾಕ್ಸ್ ಮತ್ತು ಅದೇ ಬಗೆಯ ಗಟ್ಟಿ ನೆಲೆಗಳು ಒಟ್ಟು ಸುಮಾರು 28,000 ಎದ್ದವು. ಇಂದು ಉಳಿದಿರುವವು ಅಂದಾಜು 6,500.

ಮುಂದಿನ ಸಲ ಹೋದಾಗ ಮೊದಲು ಹೊರಗೋಡೆಯ ಮೇಲೆ ಕೈಯಾಡಿಸಿ ನೋಡಿ. ಸೆಂಟ್ರಿಂಗಿಗೆ ಮರದ ಹಲಗೆ ಬಳಸಿದ್ದರೆ ಹಲಗೆಯ ಗಂಟು, ಎಳೆಗಳ ಅಚ್ಚು ಎಂಬತ್ತು ವರ್ಷಗಳ ಮೇಲೂ ಕಾಂಕ್ರೀಟಿನಲ್ಲಿ ಹಾಗೆಯೇ ಕುಳಿತಿರುತ್ತದೆ. ಹಲಗೆಗೆ ಬದಲಾಗಿ ಇಟ್ಟಿಗೆಯ ಗೋಡೆಯನ್ನೇ ಸೆಂಟ್ರಿಂಗ್ ಮಾಡಿಕೊಂಡು ನಡುವೆ ಕಾಂಕ್ರೀಟ್ ಸುರಿದ ಕಡೆ ಆ ಇಟ್ಟಿಗೆಯನ್ನು ಕೀಳಲೇ ಇಲ್ಲವಾದ್ದರಿಂದ, ಇಡೀ ಕಟ್ಟಡವೇ ಇಟ್ಟಿಗೆಯದೆಂದು ಭ್ರಮೆಯಾಗುತ್ತದೆ. ಬಂದೂಕಿನ ಗುಂಡನ್ನಷ್ಟೇ ತಡೆಯಬೇಕಾದಲ್ಲಿ ಗೋಡೆಯ ದಪ್ಪ ಒಂದಡಿ ಅಥವಾ ತುಸು ಹೆಚ್ಚು. ಫಿರಂಗಿಯ ಹೊಡೆತವನ್ನೂ ತಾಳಬೇಕಾದಲ್ಲಿ ಮೂರೂವರೆ ಅಡಿಯವರೆಗೆ. ಒಳಗೆ ಎಷ್ಟೋ ಕಡೆ ನಟ್ಟನಡುವೆ ಒಂದು ಅಡ್ಡಗೋಡೆ ಸಿಗುತ್ತದೆ. ಒಂದು ಕಂಡಿಯಿಂದ ನುಗ್ಗಿದ ಗುಂಡು ಪುಟಿದು ಒಳಗಿರುವ ಎಲ್ಲರನ್ನೂ ತಾಕದಿರಲೆಂದು ಮಾಡಿದ ಏರ್ಪಾಡು ಅದು.

ಇಷ್ಟಾದ ಮೇಲೆ ಕಂಡಿಗೆ ಕಣ್ಣಿಟ್ಟು ಹೊರಗೆ ನೋಡಬೇಕು. ಅದನ್ನು ಮಾಡದೆ ಬಂದರೆ ಪಿಲ್‌ಬಾಕ್ಸ್ ನೋಡಿದ ಹಾಗಲ್ಲ ಎಂಬುದು ನನ್ನ ಅಭಿಪ್ರಾಯ. ನಮ್ಮ ಧಾರವಾಡ, ಗದಗ ಸೀಮೆಯ ಹಳ್ಳಿಗಳ ಹುಡೇವು, ಅಂದರೆ ಕಾವಲು ಬುರುಜು, ಹತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ರೋಣ ತಾಲ್ಲೂಕಿನ ನಮ್ಮೂರ ಹುಡೇವಿನ ಒಂದು ಕಂಡಿಯಿಂದ ಕಾಣುವುದು ಹಳೆಯ ಬಂಡಿದಾರಿಯ ತಿರುವು ಮಾತ್ರ. ಆಕಾಶವೂ ಕಾಣದು, ಪಕ್ಕದ ಹೊಲವೂ ಕಾಣದು. ಕಟ್ಟಿದವನು ಯಾರಿಗೆ ಅಂಜಿದ್ದ, ಆ ಶತ್ರು ಯಾವ ದಾರಿಯಿಂದ ಬರುತ್ತಾನೆಂದು ಎಣಿಸಿದ್ದ ಎಂಬುದನ್ನು ಕಂಡಿಯೇ ತಿಳಿಸುತ್ತದೆ. ಅದೇ ರೀತಿ ಪಿಲ್‌ಬಾಕ್ಸಿನ ಕಂಡಿ ಕಡಲಿಗೇ ಮುಖ ಮಾಡಿರಬೇಕೆಂದೇನೂ ಇಲ್ಲ. ದಂಡೆಯ ಉದ್ದಕ್ಕೂ ಅಡ್ಡವಾಗಿ ಗುಂಡು ಹಾರಿಸಲೋ, ಒಳನಾಡಿನ ಸೇತುವೆಯೊಂದನ್ನು ಕಾಯಲೋ ತಿರುಗಿಸಿಟ್ಟವೂ ಇವೆ. ನಿಮ್ಮ ಮಗನಿರುವ ಭಾಗದ ನಾರ್ಥಂಬರ್‌ಲ್ಯಾಂಡಿನ ಡ್ರುರಿಡ್ಜ್ ಕೊಲ್ಲಿಯಲ್ಲಿ ಪಾಳುಬಿದ್ದ ಮನೆಯ ವೇಷ ತೊಡಿಸಿದ ಪಿಲ್‌ಬಾಕ್ಸ್ ಒಂದಿದೆ. ಟ್ಯಾಂಕುಗಳನ್ನು ತಡೆಯಲು ಸಾಲಾಗಿ ಇಟ್ಟ ಕಾಂಕ್ರೀಟ್ ದಿಮ್ಮಿಗಳೂ ಅಲ್ಲಿವೆ. ಎರಡನ್ನೂ ಕೂಡಿಸಿ ನೋಡಿದರೆ ಲೆಕ್ಕ ಹೊಂದುತ್ತದೆ.

ಒಳಹೊಗುವಾಗ ಟಾರ್ಚ್ ಇರಲಿ, ಒಡೆದ ಗಾಜಿನ ಮೇಲೆ ನಿಗಾ ಇರಲಿ. ಬಾವಲಿಗಳು ಚಳಿಗಾಲ ಕಳೆಯಲೆಂದು ಮುಚ್ಚಿಟ್ಟ ಪಿಲ್‌ಬಾಕ್ಸುಗಳನ್ನು ತೆರೆಯಬಾರದು. ಯಾರ್ಕ್‌ಶೈರಿನ ಹೋಲ್ಡರ್‌ನೆಸ್ ದಂಡೆಯಂತೆ ಕಡಲು ನೆಲವನ್ನು ಕೊರೆಯುತ್ತಿರುವ ಕಡೆ, ಒಂದು ಕಾಲಕ್ಕೆ ದಿಬ್ಬದ ಮೇಲಿದ್ದವು ಈಗ ಕೆಳಗಿನ ಮರಳಿನಲ್ಲಿ ಮಗುಚಿ ಬಿದ್ದಿವೆ. ಅಂಥ ದಿಬ್ಬದ ಬುಡದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುವ ಆಸೆ ಬೇಡ.

ಕಾರವಾರದ ಮಾತಿಗೆ ಬಂದರೆ, 1942ರಲ್ಲಿ ಜಪಾನಿನ ಭೀತಿ ನೇರವಾಗಿ ಎರಗಿದ್ದು ಬಂಗಾಳ ಕೊಲ್ಲಿಯ ಬದಿಗೆ. ಆ ವರ್ಷದ ಏಪ್ರಿಲ್ 6ರಂದು ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ ಬಾಂಬುಗಳು ಬಿದ್ದವು. ವಿಶಾಖಪಟ್ಟಣದ ಕಡಲತೀರದಲ್ಲಿ ಆ ಕಾಲದ ಪಿಲ್‌ಬಾಕ್ಸ್ ಇದೆ. ಅಂಡಮಾನಿನ ಪೋರ್ಟ್ ಬ್ಲೇರ್ ಸುತ್ತಮುತ್ತ ಸ್ವತಃ ಜಪಾನೀಯರೇ ಕಟ್ಟಿದ ಬಂಕರುಗಳು ಕಾಣಸಿಗುತ್ತವೆ. ಆ ದ್ವೀಪಗಳು 1942ರ ಮಾರ್ಚ್‌ನಿಂದ 1945ರವರೆಗೆ ಅವರ ವಶದಲ್ಲಿದ್ದವು. ನಮ್ಮ ಬದಿಯ ಕಡಲು ಯುದ್ಧವನ್ನು ಕಾಣಲೇ ಇಲ್ಲ ಎನ್ನುವಂತೆಯೂ ಇಲ್ಲ. ಹುಬ್ಬಳ್ಳಿಯಿಂದ ಲೋಂಡಾ ಮೇಲೆ ಹೋಗುವ ರೈಲುದಾರಿ ಮುಗಿಯುವ ಮರ್ಮಗೋವಾ ಬಂದರಿನಲ್ಲಿ 1943ರ ಮಾರ್ಚ್ 9ರ ರಾತ್ರಿ, ತಟಸ್ಥ ಪೋರ್ಚುಗೀಸರ ಆಶ್ರಯದಲ್ಲಿ ನಿಂತಿದ್ದ ‘ಎಹ್ರೆನ್‌ಫೆಲ್ಸ್’ ಎಂಬ ಜರ್ಮನ್ ಹಡಗಿನ ಮೇಲೆ ಕಲ್ಕತ್ತೆಯಿಂದ ಬಂದ ಬ್ರಿಟಿಷ್ ಸ್ವಯಂಸೇವಕರ ಗುಂಪು ದಾಳಿ ಮಾಡಿತ್ತು. ಕಾರವಾರದಲ್ಲಿ ನಿಮಗೆ ನೋಡಲು ಸಿಗುವುದು ಇನ್ನೂ ಹಳೆಯ ರಕ್ಷಣೆ, ಸದಾಶಿವಗಡದ ಕೋಟೆ. ಅಲ್ಲಿಂದ ಕಾಳಿ ನದಿ ದಾಟಿ ಕಾರವಾರ ಪಟ್ಟಣದ ದಕ್ಷಿಣಕ್ಕೆ ಹೋದರೆ ಕ್ಯಾಮೆರಾ ಚೀಲದೊಳಗೇ ಇರಲಿ. ಆ ಬದಿಗೆ ನೌಕಾಪಡೆಯ ನೆಲೆಯಿದೆ, ಅದರ ಫೋಟೊ ತೆಗೆಯುವಂತಿಲ್ಲ.