ನಮ್ಮ ಹಳೇ ಇಎಚ್ ಹೋಲ್ಡನ್‌ನಲ್ಲಿ ಆಸ್ಟ್ರೇಲಿಯಾದ ಹಳ್ಳಿಗಾಡಿನ ನ್ಯಾವಿಗೇಷನ್ ರ‍್ಯಾಲಿಗೆ ಹೊರಟಿದ್ದೇವೆ. ಎಂಜಿನ್‌ಗೆ ಏನೇನು ಮಾಡಿಸಬೇಕು?

ಎಂಜಿನ್ ಶಕ್ತಿ ಹೆಚ್ಚಿಸಲು ಏನೂ ಮಾಡಿಸಬೇಡಿ. ನಾನು ದಾರಿ ಹೇಳುವ ನ್ಯಾವಿಗೇಟರ್ ಸೀಟಿಗೆ ಹೊಸಬನಾಗಿದ್ದಾಗ ನಮ್ಮ ಮಾತೆಲ್ಲ ಕಾರ್ಬ್ಯುರೇಟರ್ ಸುತ್ತಲೇ ಇತ್ತು, ಆದ್ದರಿಂದ ನಿಮ್ಮ ಪ್ರಶ್ನೆ ಎಲ್ಲಿಂದ ಬಂತೆಂದು ಗೊತ್ತು. ಆದರೆ ಇದು ಸಾರ್ವಜನಿಕ ರಸ್ತೆಯಲ್ಲಿ, ಎಲ್ಲರಿಗೂ ಇರುವ ವೇಗಮಿತಿಯೊಳಗೇ, ಕೊಟ್ಟ ದಾರಿ ತಪ್ಪದೆ ಹೋಗುವ ಸ್ಪರ್ಧೆ. ದಾರಿಯಲ್ಲಿ ಸಮಯ ಬರೆದುಕೊಳ್ಳುವ ಕಂಟ್ರೋಲ್‌ಗೆ ತಡವಾಗಿ ಹೋದರೆ ದಂಡ, ಸಾಮಾನ್ಯವಾಗಿ ಬೇಗ ಹೋದರೂ ದಂಡ. ನೆಲ ಇದಕ್ಕಿಂತ ಕೆಟ್ಟದಾಗಿದ್ದ 1953ರ ರೆಡೆಕ್ಸ್ ಟ್ರಯಲ್ ಎಂಬ ದೂರದ ಕಾರ್ ಸ್ಪರ್ಧೆ ಗೆದ್ದದ್ದು ಕೆನ್ ಟಬ್‌ಮನ್ ಅವರ ಪೂಜೋ 203, ಬರೀ 1290 ಸಿಸಿ. 1968ರ ಲಂಡನ್–ಸಿಡ್ನಿ ಮ್ಯಾರಥಾನ್ ಗೆದ್ದದ್ದು ಹಿಲ್‌ಮನ್ ಹಂಟರ್ ಎಂಬ ಸಾಧಾರಣ ಮನೆಬಳಕೆಯ ಕಾರು.

ಅಂಕ ಕಳೆಯುವುದು ಓಡಿದ ದೂರ ತೋರಿಸುವ ಟ್ರಿಪ್‌ಮೀಟರ್ ಸರಿಹೊಂದಿಸದೆ ಹೊರಡುವುದರಿಂದ. ಇದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ಸಂಘಟಕರು ಅಳೆದು ಕೊಟ್ಟ 10.00 ಕಿ.ಮೀ. ನಿಮ್ಮ ಮೀಟರ್‌ನಲ್ಲಿ 10.30 ಎಂದು ಬಂತು ಅನ್ನಿ. ಶೇ. 3 ತಾನೇ ಎಂದು ಬಿಟ್ಟಿರಿ. ಯಾವ ದೂರಕ್ಕೆ ಯಾವ ತಿರುವು ಎಂದು ತೋರಿಸುವ ರೂಟ್ ಚಾರ್ಟ್‌ನಲ್ಲಿ 38.60ಕ್ಕೆ ಎಡ ತಿರುವು ಇದೆ. ನಿಮ್ಮ ಮೀಟರ್ 38.60 ತೋರಿಸುವಾಗ ನೀವು ನಿಜಕ್ಕೂ ಇರುವುದು 37.48ರಲ್ಲಿ. ಆ 1.1 ಕಿ.ಮೀ. ಒಳಗೆ ಯಾವುದೋ ಜಮೀನಿನ ಬೇಲಿ ಪಕ್ಕದ ದಾರಿ ಎಡಕ್ಕೆ ಹೋಗಿರುತ್ತದೆ, ನೋಡಲು ಥೇಟ್ ಚಾರ್ಟ್‌ನ ಚಿತ್ರದ ಹಾಗೆ. ತಿರುಗುತ್ತೀರಿ. ಮುಂದಿನ ಗುರುತು ಸಿಗದಾಗ "ಚಾರ್ಟ್ ತಪ್ಪಿರಬೇಕು" ಎಂದು ಇನ್ನಷ್ಟು ಒಳಗೆ ಹೋಗುತ್ತೀರಿ. ಮಾಡಬೇಕಾದ್ದು ಒಂದೇ: ಖಚಿತವಾಗಿ ಗೊತ್ತಿದ್ದ ಕೊನೆಯ ಜಾಗಕ್ಕೆ ವಾಪಸ್ ಬಂದು, ಮೀಟರನ್ನು ಅಲ್ಲಿನ ಅಂಕಿಗೆ ತಂದು, ಮತ್ತೆ ಹೊರಡುವುದು.

ಈ ವ್ಯತ್ಯಾಸಕ್ಕೆ ಮುಖ್ಯ ಕಾರಣ ಟೈರು. 300 ಮಿ.ಮೀ. ತ್ರಿಜ್ಯದ ಚಕ್ರದಲ್ಲಿ 6 ಮಿ.ಮೀ. ರಬ್ಬರ್ ಸವೆದರೆ ಶೇ. 2 ಹೆಚ್ಚು ತೋರಿಸುತ್ತದೆ. ಮರಳಿಗೆಂದು ಗಾಳಿ ಇಳಿಸಿದರೂ ಹಾಗೆಯೇ. ಹೋಲ್ಡನ್‌ನದು ಹಿಂದಿನ ಚಕ್ರದ ಚಾಲನೆ, ಸ್ಪೀಡೋಮೀಟರ್ ಕೇಬಲ್ ಗೇರ್‌ಬಾಕ್ಸ್‌ನಿಂದ ಬರುತ್ತದೆ. ಜಲ್ಲಿಯ ಮೇಲೆ ಚಕ್ರ ಜಾರಿ ಸುತ್ತಿದ್ದೂ ದೂರದ ಲೆಕ್ಕಕ್ಕೆ ಸೇರುತ್ತದೆ. ಹಾಗಾಗಿ ಟ್ರಿಪ್‌ಮೀಟರ್‌ನ ಸೆನ್ಸರನ್ನು ಮುಂದಿನ ಚಕ್ರಕ್ಕೆ ಹಾಕಿಸಿ. ಟೆರಾಟ್ರಿಪ್ ಎಂಬ ಎಲೆಕ್ಟ್ರಾನಿಕ್ ಮೀಟರ್ ಆದರೆ ಒಂದು ಸಂಖ್ಯೆ ಬದಲಿಸಿದರೆ ಮುಗಿಯಿತು, ಹಳೇ ಯಾಂತ್ರಿಕ ಮೀಟರ್ ಹಾಲ್ಡಾ ಆದರೆ ಒಳಗಿನ ಗೇರ್ ಚಕ್ರ ಬದಲಿಸಬೇಕು. ಸರಿಹೊಂದಿಸುವಾಗ ಟ್ಯಾಂಕ್ ತುಂಬಿರಲಿ, ಎರಡು ಸ್ಟೆಪ್ನಿ, ಸಾಮಾನು, ಇಬ್ಬರೂ ಕಾರಿನಲ್ಲಿರಲಿ, ಟೈರ್ ಓಡಿ ಬಿಸಿಯಾಗಿರಲಿ. ನಿಮ್ಮ ಮೀಟರ್ ನಿಜವಾದ ದೂರ ಹೇಳಬೇಕೆಂದೇನಿಲ್ಲ, ಸಂಘಟಕರ ಮೀಟರ್ ಹೇಳಿದ್ದನ್ನು ಹೇಳಿದರೆ ಸಾಕು.

ನಕ್ಷೆಯಲ್ಲಿ ಸ್ಥಳ ಗುರುತಿಸುವ ಹಂತಗಳೂ ಇರುತ್ತವೆ. 1:1,00,000 ನಕ್ಷೆಯ ಅಂಚಿನಲ್ಲಿ ಹಳೇ ಸ್ಥಳಾಂಕ ಪದ್ಧತಿಯಾದ ಎಜಿಡಿ66 ಎಂದಿದೆಯೋ ಅದರ ನಂತರ ಬಂದ ಜಿಡಿಎ94 ಎಂದಿದೆಯೋ ಮೊದಲು ನೋಡಿ. ಜಿಡಿಎ ಅಂಕಿಯನ್ನು ಹಳೇ ನಕ್ಷೆಯ ಮೇಲೆ ಹಾಗೇ ಇಟ್ಟರೆ ಬಿಂದು ಸುಮಾರು 200 ಮೀಟರ್ ಈಶಾನ್ಯಕ್ಕೆ ಬೀಳುತ್ತದೆ. ಕಾಗದದ ಮೇಲೆ ಎರಡೇ ಮಿಲಿಮೀಟರ್, ಆದರೆ ಎರಡು ದಾರಿ ಅಕ್ಕಪಕ್ಕ ಇದ್ದಲ್ಲಿ ತಪ್ಪು ದಾರಿ ಹಿಡಿಸಲು ಅಷ್ಟು ಸಾಕು.

ಇನ್ನು ಕಾರಿನ ಮೇಲೆ ಖರ್ಚು ಮಾಡಲೇಬೇಕೆಂದಿದ್ದರೆ ತಣ್ಣಗಿಡುವುದಕ್ಕೆ, ಧೂಳು ತಡೆಯುವುದಕ್ಕೆ ಮಾಡಿ. ರೇಡಿಯೇಟರ್ ಬಿಚ್ಚಿಸಿ ಒಳಗೆ ಸ್ವಚ್ಛ ಮಾಡಿಸಿ. ಬಿಸಿಲಲ್ಲಿ ನಿಲ್ಲಿಸಿ ಹೊರಟಾಗ ಪೆಟ್ರೋಲ್ ಪೈಪಿನಲ್ಲೇ ಆವಿಯಾಗಿ ಎಂಜಿನ್ ಕೆಮ್ಮಿ ನಿಲ್ಲುತ್ತದೆ. ಪೈಪನ್ನು ಎಕ್ಸಾಸ್ಟ್‌ನಿಂದ ದೂರ ಸರಿಸಿ, ಶಾಖ ತಡೆಯುವ ಹೊದಿಕೆ ಸುತ್ತಿಸಿ, ಟ್ಯಾಂಕಿನ ಹತ್ತಿರ ಎಲೆಕ್ಟ್ರಿಕ್ ಪಂಪ್ ಇಡಿಸಿ. ಎಥೆನಾಲ್ ಬೆರೆಸಿದ ಇ10 ಬೇಡ, ಹಳೇ ರಬ್ಬರ್ ಪೈಪು ಅದಕ್ಕೆ ತಡೆಯುವುದಿಲ್ಲ. ಡಿಕ್ಕಿಯಲ್ಲಿ ಪಾಯಿಂಟ್ ಸೆಟ್, ಕಂಡೆನ್ಸರ್, ರೋಟರ್, ಕಾಯಿಲ್, ಫ್ಯಾನ್ ಬೆಲ್ಟ್, ವಾಟರ್ ಪಂಪ್, ಮುಂದಿನ ಚಕ್ರದ ಬೇರಿಂಗ್ ಇರಲಿ. ಶಾಕ್ ಅಬ್ಸಾರ್ಬರ್ ಬುಷ್‌ಗಳನ್ನು ಪ್ರತಿ ಸಂಜೆ ನೋಡಿ. ಅಲೆಯಲೆಯಾಗಿ ಎದ್ದ ಮಣ್ಣು ರಸ್ತೆ ಮೊದಲು ಸಾಯಿಸುವುದು ಅವನ್ನೇ.

ಯುಎಚ್‌ಎಫ್ ರೇಡಿಯೊ ಹಾಕಿಸಿ, ಹೆದ್ದಾರಿಯಲ್ಲಿ ಟ್ರಕ್ ಚಾಲಕರು ಬಳಸುವ 40ನೇ ಚಾನೆಲ್‌ನಲ್ಲಿಡಿ. ಹಲವು ಟ್ರೇಲರ್ ಎಳೆಯುವ ಟ್ರಕ್ಕಾದ ರೋಡ್ ಟ್ರೇನ್ 53.5 ಮೀಟರ್‌ವರೆಗೂ ಉದ್ದವಿರುತ್ತದೆ, ಧೂಳಿನಲ್ಲಿ ಅದರ ಮುಂದೇನಿದೆ ಎಂದು ಕಾಣುವುದಿಲ್ಲ. ಚಾಲಕನನ್ನು ಕೇಳಿ, ಅವನು ಹೇಳಿದ ಮೇಲೆಯೇ ದಾಟಿ. ಜಮೀನುಗಳ ಗೇಟು ತೆರೆದಿದ್ದರೆ ತೆರೆದೇ ಬಿಡಿ, ಮುಚ್ಚಿದ್ದರೆ ದಾಟಿದ ಮೇಲೆ ಮುಚ್ಚಿ. ಮುಂದಿನ ವರ್ಷವೂ ಆ ರೈತ ದಾರಿ ಕೊಡಬೇಕಲ್ಲ.