ಮಳೆ ಡೈರಿಯ ಜಗಳ

ಪ್ರಶ್ನೆ: ನಮ್ಮ ಭಾವ 2018ರಿಂದ ತೋಟದ ಮಳೆ ಬರೆದಿಡುತ್ತಿದ್ದಾರೆ. ‘ಕೊಡಗಿನಲ್ಲಿ ಮಳೆ ಕಮ್ಮಿಯಾಗುತ್ತಲೇ ಇದೆ’ ಎನ್ನುತ್ತಾರೆ. 2023ರಿಂದ ನೋಡಿದರೆ ಜಾಸ್ತಿಯಾಗಿದೆ ಎಂದು ನಾನು. ಯಾರು ಸರಿ?
– ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ಇಬ್ಬರೂ ಅಲ್ಲ, ಬೇಜಾರು ಮಾಡ್ಕೋಬೇಡಿ! ಡೈರಿ ಸುಳ್ಳು ಹೇಳುತ್ತಿಲ್ಲ. ಲೆಕ್ಕ ಶುರುವಾದ ವರ್ಷ ನೋಡಿ. 2018ರ ಆಗಸ್ಟ್ ಮರೆಯುವಂಥದ್ದಾ? ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳೇ ಜಾರಿ ಬಂದವು. ಅಲ್ಲಿಂದ ಅಳೆದರೆ ಆಮೇಲಿನದು ಕಮ್ಮಿ ಅನ್ನಿಸದೇ ಇರುತ್ತಾ? ನೀವೋ ಬರದ 2023 ಹಿಡಿದು ಕೂತಿದ್ದೀರಿ. ಭಾವನದು ಗುಡ್ಡದ ತುದಿ, ನಿಮ್ಮದು ಹಳ್ಳದ ತಳ.

ನಾನು ಗಣಿತ ಕಲಿಸಿ ನಿವೃತ್ತಳಾದವಳು. ಅಪ್ಪನ ಮಳೆ ಪುಸ್ತಕ ಇನ್ನೂ ನನ್ನ ಹತ್ತಿರ ಇದೆ. ಎಲ್ಲ ಇಂಚು, ಸೆಂಟಿನ ಲೆಕ್ಕ. ನೂರು ಸೆಂಟಿಗೆ ಒಂದು ಇಂಚು. (ಕೆಲವು ಪುಟ ಗೆದ್ದಲಿನ ಪಾಲು.) ಒಂದು ವರ್ಷ ಏರಿದರೆ ಇನ್ನೊಂದು ವರ್ಷ ಇಳಿದಿದೆ. ಹವಾಮಾನದವರು 30 ವರ್ಷದ ಸರಾಸರಿ ಹಿಡಿಯುವುದು ಸುಮ್ನೆ ಅಲ್ಲ. ಮತ್ತೆ, ನಿಮ್ಮ ತೋಟವೇ ಕೊಡಗಲ್ಲ. ಭಾಗಮಂಡಲದ ಮಳೆಗೂ ಕುಶಾಲನಗರದ ಮಳೆಗೂ ಎಲ್ಲಿಂದೆಲ್ಲಿಗೆ?

ಇನ್ನೊಂದು ಮಾತೂ ಕೇಳಿಬರಬಹುದು: ‘ಕಳೆದ ವರ್ಷ ಶೇ 40 ಇಳಿಯಿತು, ಈ ವರ್ಷ ಶೇ 40 ಏರಿತು, ಲೆಕ್ಕ ಚುಕ್ತಾ.’ ಚುಕ್ತಾ ಆಗಲ್ಲ. 100 ಇಂಚು 60ಕ್ಕೆ ಇಳಿದರೆ, ಆ 60ರ ಶೇ 40 ಬರೀ 24. ಒಟ್ಟು 84 ಇಂಚು. ಉಳಿದ 16 ಇಂಚು ಎಲ್ಲಿ ಅಂತ ಭಾವನನ್ನೇ ಕೇಳಿ, ಕಾಫಿ ಕೊಟ್ಟ ಮೇಲೆ.